ಮಂತ್ರ ಕಲಿಯುವ ಮಕ್ಕಳು: ಬದಲಿ ಕಥೆಗಳ ಪ್ರಶ್ನೆ

ಜೆ. ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಸರಣಿಯ ಮೊದಲ ಪುಸ್ತಕ 1997ರ ಜೂನ್‌ನಲ್ಲಿ ಹೊರಬಂತು, ಏಳನೆಯದು 2007ರಲ್ಲಿ. ಆ ಹತ್ತು ವರ್ಷಗಳಲ್ಲಿ ಒಂದು ಪೀಳಿಗೆಯೇ ಆ ಪುಸ್ತಕಗಳೊಂದಿಗೆ ಬೆಳೆಯಿತು. ಈಗ ಆ ಪೀಳಿಗೆಯ ಹಲವರು ತಮ್ಮ ಮಕ್ಕಳ ಕೈಗೆ ಅವನ್ನು ಕೊಡಲು ಹಿಂಜರಿಯುತ್ತಿದ್ದಾರೆ. 2020ರ ಜೂನ್‌ನಲ್ಲಿ ರೌಲಿಂಗ್ ಲಿಂಗ ಮತ್ತು ಲಿಂಗತ್ವದ ಬಗ್ಗೆ ಒಂದು ದೀರ್ಘ ಲೇಖನ ಬರೆದರು. ಹೆಣ್ಣುಮಕ್ಕಳಿಗೇ ಮೀಸಲಾದ ಜಾಗಗಳು ಉಳಿಯಬೇಕೆಂಬುದು ತಮ್ಮ ಕಾಳಜಿ ಎಂದು ಅವರು ಹೇಳುತ್ತಾರೆ. ಟ್ರಾನ್ಸ್ ಸಮುದಾಯದ ಬಹುಮಂದಿ ಓದುಗರಿಗೆ ಅದು ತಾವು ಯಾರೆಂಬುದನ್ನೇ ಅಲ್ಲಗಳೆಯುವ ಮಾತಾಗಿ ಕೇಳಿಸಿತು. ತೆರೆಯ ಮೇಲೆ ಹ್ಯಾರಿಯಾಗಿದ್ದ ಡೇನಿಯಲ್ ರ‍್ಯಾಡ್‌ಕ್ಲಿಫ್ ಕೂಡ ತಮ್ಮ ಭಿನ್ನಮತವನ್ನು ಬಹಿರಂಗವಾಗಿ ಹೇಳಿದರು. ಹಾಗಾದರೆ ಇದರ ಬದಲಿಗೆ ಏನು ಓದೋಣ ಎಂಬ ಪ್ರಶ್ನೆ ಅಲ್ಲಿಂದ ಗಟ್ಟಿಯಾಯಿತು. ಅದಕ್ಕೆ ಒಳ್ಳೆಯ ಉತ್ತರಗಳಿವೆ. ಆದರೆ ಪಾಟರ್‌ನ ಪಡಿಯಚ್ಚನ್ನು ಹುಡುಕುವವರ ಕಣ್ಣಿಗೆ ಅವು ಬೀಳುವುದಿಲ್ಲ. ಮಂತ್ರವೆಂದರೇನು, ಅದನ್ನು ಕಲಿಯುವ ಮಗು ತೆರಬೇಕಾದ ಬೆಲೆ ಏನು ಎಂದು ಬೇರೆ ಬಗೆಯಲ್ಲಿ ಕೇಳಿದ ಪುಸ್ತಕಗಳೇ ನಿಜವಾದ ಉತ್ತರ ಎಂಬುದು ನನ್ನ ವಾದ.

ಆ ಪುಸ್ತಕಗಳಲ್ಲಿ ಹಲವು ಪಾಟರ್‌ಗಿಂತ ಹಳೆಯವು. ಮಾಟಗಾತಿಯರ ಶಾಲೆಯಲ್ಲಿ ಸದಾ ಎಡವುವ ಮಿಲ್ಡ್ರೆಡ್ ಹಬಲ್‌ಳ ಕಥೆಯನ್ನು ಜಿಲ್ ಮರ್ಫಿ 1974ರಲ್ಲೇ ಪ್ರಕಟಿಸಿದ್ದರು. ಡಯಾನಾ ವಿನ್ ಜೋನ್ಸ್ ಅವರ ‘ವಿಚ್ ವೀಕ್’ 1982ರದು. ಅದರಲ್ಲಿಯೂ ವಸತಿ ಶಾಲೆಯಿದೆ, ಮಂತ್ರಶಕ್ತಿಯಿರುವ ಮಕ್ಕಳಿದ್ದಾರೆ. ಆದರೆ ಆ ಲೋಕದಲ್ಲಿ ಮಂತ್ರಶಕ್ತಿ ಮರಣದಂಡನೆಯ ಅಪರಾಧ, ಸಿಕ್ಕಿಬಿದ್ದವರನ್ನು ಸುಡುತ್ತಾರೆ. ತರಗತಿಯಲ್ಲಿ ಮಾಟ ಬಲ್ಲವರೊಬ್ಬರಿದ್ದಾರೆ ಎಂಬ ಅನಾಮಧೇಯ ಚೀಟಿಯಿಂದ ಕಥೆ ಶುರುವಾಗುತ್ತದೆ. ಪುಟಪುಟಕ್ಕೂ ನಗು ಬರುತ್ತದೆ. ಆ ನಗುವಿನ ಅಡಿಯಲ್ಲೇ, ಹುಟ್ಟಿನಿಂದ ಬಂದ ತನ್ನತನವನ್ನು ಬಚ್ಚಿಟ್ಟುಕೊಂಡು ದಿನ ದೂಡುವ ಮಗುವಿನ ಹೆದರಿಕೆಯೂ ಇದೆ. ಪಾಟರ್ ಲೋಕದಿಂದ ನೊಂದು ಹೊರಬಂದ ಎಳೆಯ ಓದುಗರಿಗೆ ಇದಕ್ಕಿಂತ ಹತ್ತಿರದ ಪುಸ್ತಕ ಸಿಗುವುದು ಕಷ್ಟ.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಉರ್ಸುಲಾ ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ಯ ಬಳಿ. ಹದಿಹರೆಯದವರಿಗೆ ಏನಾದರೂ ಬರೆಯಿರಿ ಎಂದು ಬರ್ಕ್ಲಿಯ ಸಣ್ಣ ಪ್ರಕಾಶಕರೊಬ್ಬರು ಕೇಳಿದಾಗ, ಕಥೆಗಳಲ್ಲಿ ಬರುವ ಬಿಳಿಗಡ್ಡದ ಮಾಂತ್ರಿಕರು ಹುಡುಗರಾಗಿದ್ದಾಗ ವಿದ್ಯೆ ಕಲಿತದ್ದೆಲ್ಲಿ ಎಂಬ ಸರಳ ಕುತೂಹಲದಿಂದ ಅದು ಹುಟ್ಟಿತು. ಪ್ರಕಟವಾದದ್ದು 1968ರಲ್ಲಿ. ಇಂಗ್ಲಿಷಿನಲ್ಲಿ ಎಲ್ಲಕ್ಕೂ ‘ಮ್ಯಾಜಿಕ್’ ಎಂಬ ಒಂದೇ ಪದ ಸಾಕಾಗುತ್ತದೆ. ನಮಗೆ ಮಾಟ ಬೇರೆ, ಮಾಯೆ ಬೇರೆ, ಮಂತ್ರ ಬೇರೆ. ಅರ್ಥ್‌ಸೀಯ ವಿದ್ಯೆ ಅಪ್ಪಟ ಮಂತ್ರ, ಅಂದರೆ ಮಾತು. ವಸ್ತುವಿನ ನಿಜವಾದ ಹೆಸರು ಬಲ್ಲವನಿಗೆ ಅದರ ಮೇಲೆ ಹಿಡಿತ. ಹೆಸರು ಕಲಿಯಲು ವರ್ಷಗಳ ಶ್ರಮ ಬೇಕು. ಮಾಡಿದ ಪ್ರತಿ ಪ್ರಯೋಗವೂ ಲೋಕದ ಸಮತೋಲವನ್ನು ಕದಲಿಸುತ್ತದೆ. ಗಾಂಟ್ ದ್ವೀಪದ ಬಡ ಹುಡುಗ ಗೆಡ್, ರೋಕ್‌ನ ಗುರುಕುಲದಲ್ಲಿ ಸಹಪಾಠಿಯ ಮೇಲಿನ ಹಟಕ್ಕೆ ಬಿದ್ದು ಸತ್ತವಳೊಬ್ಬಳನ್ನು ಕರೆಯುತ್ತಾನೆ. ತೆರೆದ ಬಿರುಕಿನಿಂದ ಒಂದು ನೆರಳು ಹೊರಬರುತ್ತದೆ. ಬಿರುಕು ಮುಚ್ಚಿದ ಹಿರಿಯ ಗುರು ಪ್ರಾಣ ಬಿಡುತ್ತಾನೆ. ಗೆಡ್‌ನ ಮುಖದ ಮೇಲೆ ಗಾಯದ ಕಲೆ ಕಡೆಯವರೆಗೂ ಉಳಿಯುತ್ತದೆ. ಈ ಕಥೆಯಲ್ಲಿ ಸೋಲಿಸಬೇಕಾದ ಖಳನಾಯಕನಿಲ್ಲ, ಮಹಾಯುದ್ಧವಿಲ್ಲ. ಓಡಿ ಓಡಿ ದಣಿದ ಹುಡುಗ ತಿರುಗಿ ನಿಂತು ನೆರಳನ್ನು ತನ್ನದೇ ಹೆಸರಿನಿಂದ ಕರೆಯುತ್ತಾನೆ, ಅಷ್ಟೆ. ಹ್ಯಾರಿಯೊಳಗೂ ವೈರಿಯ ಆತ್ಮದ ಒಂದು ತುಣುಕು ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಇದೆ, ನಿಜ. ಆದರೆ ಅದು ಇನ್ನೊಬ್ಬ ಹಾಕಿ ಹೋದ ಹೊರೆ, ಕಿತ್ತೊಗೆಯಬಹುದಾದದ್ದು. ಗೆಡ್‌ನ ನೆರಳು ಗೆಡ್‌ನೇ.

ಇಲ್ಲೊಂದು ಗಟ್ಟಿಯಾದ ಆಕ್ಷೇಪವಿದೆ. ಒಬ್ಬರ ತಪ್ಪು ಹುಡುಕಿ ಇನ್ನೊಬ್ಬರ ಬಳಿ ಹೋದರೆ ಅಲ್ಲೂ ತಪ್ಪು ಸಿಗುತ್ತದೆ, ಇದಕ್ಕೆ ಕೊನೆ ಎಲ್ಲಿ? ಹೌದು, ಅರ್ಥ್‌ಸೀಯ ಗುರುಕುಲಕ್ಕೆ ಗಂಡುಮಕ್ಕಳಿಗೆ ಮಾತ್ರ ಪ್ರವೇಶ, ಹೆಂಗಸರ ಮಂತ್ರವಿದ್ಯೆಯೆಂದರೆ ಅಲ್ಲಿ ಹಗುರ. ಗೆಡ್‌ನನ್ನು ಕಂದುಬಣ್ಣದವನನ್ನಾಗಿ ಮಾಡಿ ಆ ಕಾಲದ ರೂಢಿಯನ್ನು ಮುರಿದ ಲೇಖಕಿಯೇ ಇದನ್ನು ಪ್ರಶ್ನಿಸದೆ ಬಿಟ್ಟಿದ್ದರು. ಆದರೆ ಅರ್ಥ್‌ಸೀ ಸರಣಿಯ ಮೂರನೆಯ ಪುಸ್ತಕ ಬಂದ 18 ವರ್ಷಗಳ ಮೇಲೆ, 1990ರಲ್ಲಿ, ಅವರು ‘ಟೆಹಾನು’ ಬರೆದರು. ಅದರಲ್ಲಿ ಗೆಡ್ ಶಕ್ತಿಯನ್ನೆಲ್ಲ ಕಳೆದುಕೊಂಡವನು. ಕಥೆ ನಡೆಯುವುದು ಹೊಲಮನೆಯ ನಡುವಯಸ್ಸಿನ ವಿಧವೆಯೊಬ್ಬಳ ಮತ್ತು ಬೆಂಕಿಯಲ್ಲಿ ಬೆಂದ ಮಗುವೊಂದರ ಸುತ್ತ. ತಾನು ಕಟ್ಟಿದ, ಜನ ಮೆಚ್ಚಿದ ಲೋಕದ ಬುನಾದಿಯನ್ನೇ ಅಗೆದು ನೋಡುವ ಧೈರ್ಯ ಅಲ್ಲಿದೆ. ತಪ್ಪೇ ಮಾಡದ ಲೇಖಕರನ್ನು ಹುಡುಕುತ್ತ ಕೂರುವುದು ವ್ಯರ್ಥ. ತಪ್ಪಿನ ಕಡೆಗೆ ಮರಳಿ ಬಂದ ಲೇಖಕರನ್ನು ಹುಡುಕಬಹುದು, ಅಂಥವರು ಸಿಗುತ್ತಾರೆ.

ಈಚಿನವರಲ್ಲಿ ಎನ್ನೆಡಿ ಒಕೊರಾಫರ್ ಅವರ ‘ಅಕಾಟಾ ವಿಚ್’ (2011) ನನಗೆ ಮುಖ್ಯ. ನ್ಯೂಯಾರ್ಕ್‌ನಲ್ಲಿ ಹುಟ್ಟಿ ನೈಜೀರಿಯಾದ ಆಬಾ ಪಟ್ಟಣದಲ್ಲಿ ಬೆಳೆಯುವ ಸನ್ನಿಯ ಚರ್ಮಕ್ಕೆ ಬಣ್ಣವಿಲ್ಲ, ಬಿಸಿಲು ತಡೆಯದು. ಗೆಳೆಯ ಓರ್ಲುವಿಗೆ ಅಕ್ಷರಗಳು ಕಲಸಿಹೋಗುತ್ತವೆ. ಶಾಲೆ ಕುಂದೆಂದು ಕರೆದದ್ದೇ ಇಲ್ಲಿ ವಿದ್ಯೆಯ ಬೇರು: ಸನ್ನಿ ಕಣ್ಣಿಗೆ ಕಾಣದಂತಾಗಬಲ್ಲಳು, ಓರ್ಲು ಇನ್ನೊಬ್ಬರ ಮಾಟವನ್ನು ಬಿಡಿಸಬಲ್ಲ. ಅವರ ಲೋಕದ ನಾಣ್ಯ ಚಿಟ್ಟಿಮ್. ಹೊಸದೊಂದನ್ನು ನಿಜವಾಗಿ ಕಲಿತ ಗಳಿಗೆಯಲ್ಲಿ ಅದು ಗಾಳಿಯಿಂದ ಉದುರುತ್ತದೆ. ಕಲಿಯದೆ ಗಳಿಸಲು ಬೇರೆ ದಾರಿಯಿಲ್ಲ. ಟೆರಿ ಪ್ರ್ಯಾಚೆಟ್ ಅವರ ‘ದ ವೀ ಫ್ರೀ ಮೆನ್’ (2003) ಪುಸ್ತಕದ ಟಿಫನಿ ಒಂಬತ್ತು ವರ್ಷದ ಕುರಿಗಾಹಿ ಮನೆಯ ಹುಡುಗಿ. ಬಾಣಲೆ ಹಿಡಿದು ತಮ್ಮನನ್ನು ಬಿಡಿಸಿ ತರುತ್ತಾಳೆ. ಮುಂದಿನ ಪುಸ್ತಕಗಳಲ್ಲಿ ಅವಳು ಕಲಿಯುವ ಮಾಟಗಾತಿಯ ಕಸುಬಿನ ಬಹುಪಾಲು, ದಿಕ್ಕಿಲ್ಲದ ಮುದುಕರ ಮನೆಗೆ ಹೋಗಿ ಆರೈಕೆ ಮಾಡುವುದು.

ಕೃತಿಯೇ ಬೇರೆ, ಕರ್ತೃವೇ ಬೇರೆ ಎಂಬ ಮಾತನ್ನೂ ಎದುರಿಸಬೇಕು. ತೀರಿಹೋದ ಲೇಖಕರ ವಿಷಯದಲ್ಲಿ ಅದನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ರೌಲಿಂಗ್ ಬದುಕಿದ್ದಾರೆ, ಗೌರವಧನ ಅವರಿಗೆ ಸಲ್ಲುತ್ತದೆ. ಕಾನೂನಿನಲ್ಲಿ ‘ಮಹಿಳೆ’ ಎಂದರೆ ಜೈವಿಕವಾಗಿ ಹೆಣ್ಣಾದವರು ಮಾತ್ರ ಎಂದು ವಾದಿಸಿದ ‘ಫಾರ್ ವಿಮೆನ್ ಸ್ಕಾಟ್ಲೆಂಡ್’ ಸಂಘಟನೆಯ ಕಾನೂನು ಹೋರಾಟಕ್ಕೆ 2024ರಲ್ಲಿ ಅವರು 70,000 ಪೌಂಡ್ ಕೊಟ್ಟರು. 2025ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಆ ಸಂಘಟನೆಯ ಪರ ತೀರ್ಪು ನೀಡಿತು. ಹಾಗೆ ಹಣ ಕೊಡುವುದು ರೌಲಿಂಗ್ ಅವರ ಹಕ್ಕು. ಆ ದಾರಿಗೆ ತನ್ನ ಹಣ ಹರಿಯಬಾರದೆನ್ನುವುದು ಓದುಗರ ಹಕ್ಕು. ಇದಕ್ಕೆ ನಿಷೇಧ ಎಂಬ ಹೆಸರು ಒಪ್ಪುವುದಿಲ್ಲ. ಗ್ರಂಥಾಲಯದ ಕಪಾಟಿನಿಂದ ಪಾಟರ್ ಪುಸ್ತಕಗಳನ್ನು ತೆಗೆಯಿರಿ ಎಂದು ಯಾರಾದರೂ ಕೇಳಿದರೆ ನಾನು ವಿರೋಧಿಸುವವನೇ. ಪಾಟರ್ ಓದಿ ಹಿಗ್ಗಿದ ಮಗುವಿನ ಸಂತೋಷವೂ ಸುಳ್ಳಲ್ಲ, ಆ ಪುಸ್ತಕಗಳ ಕಥನಶಕ್ತಿ ದೊಡ್ಡದು. ಆದರೆ ಅದೇ ಕಪಾಟಿನಲ್ಲಿ ಗೆಡ್, ಸನ್ನಿ, ಟಿಫನಿಯರಿಗೆ ಜಾಗ ಸಿಕ್ಕಿದೆಯೇ ಎಂದು ಪ್ರತಿ ಗ್ರಂಥಪಾಲಕರೂ ಒಮ್ಮೆ ನೋಡಬೇಕು.

ಕೊನೆಗೆ ಅನುವಾದಕರಲ್ಲಿ ಒಂದು ಕೋರಿಕೆ. ಹೆಸರಿನಲ್ಲೇ ಶಕ್ತಿಯಿರುವ ಅರ್ಥ್‌ಸೀಯನ್ನು ಕನ್ನಡಿಸುವುದು ಸುಲಭವಲ್ಲ, ಪ್ರತಿ ಹೆಸರಿಗೂ ಕಿವಿಗೊಡಬೇಕಾಗುತ್ತದೆ. ಆ ಕೆಲಸಕ್ಕೆ ಕೈಹಾಕಿ, ಮತ್ತು ಮೊದಲ ಪುಸ್ತಕಕ್ಕೇ ನಿಲ್ಲಿಸದೆ ‘ಟೆಹಾನು’ವಿನವರೆಗೂ ತನ್ನಿ.