ಸರ್ಕಾರದ ಹಂಗು ಬೇಡವೆಂದ ಪಾದ್ರಿ

ಹದಿನೆಂಟನೆಯ ಶತಮಾನದ ಮಧ್ಯಭಾಗ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತ್ಯದ ಗ್ರಾಫ್ಟನ್ ಎಂಬ ಊರಿನ ಒಂದು ಮನೆಗೆ ಪಾದ್ರಿಯೊಬ್ಬರು ಬಂದಿದ್ದರು. ಮನೆಯ ಮಕ್ಕಳ ತಲೆಗೆ ನೀರು ಚಿಮುಕಿಸಿ ದೀಕ್ಷಾಸ್ನಾನ ಮಾಡಿಸುವುದು ಉದ್ದೇಶ. ಆಗಷ್ಟೇ ಮೂರು ವರ್ಷ ದಾಟಿದ್ದ ಹುಡುಗನೊಬ್ಬನಿಗೆ ಇದು ತಿಳಿಯಿತು. ಹೆದರಿ ಇಳಿಜಾರಿನಲ್ಲಿ ಓಡಿದ, ಮುಗ್ಗರಿಸಿ ಬಿದ್ದ, ಮೂಗಿನಿಂದ ರಕ್ತ ಸೋರಿತು. ಮನೆಯವರು ಹಿಡಿದು ತಂದರು. ದೀಕ್ಷೆ ನಡೆದೇಹೋಯಿತು.

ಆ ಹುಡುಗನೇ ಜಾನ್ ಲೀಲಂಡ್. 1754ರಲ್ಲಿ ಹುಟ್ಟಿ 1841ರವರೆಗೆ ಬಾಳಿದ ಅವರು ಬ್ಯಾಪ್ಟಿಸ್ಟ್ ಪಾದ್ರಿಯಾಗಿ, ರೈತರಾಗಿ ಹಳ್ಳಿಗಾಡಿನಲ್ಲೇ ಆಯುಷ್ಯ ಸವೆಸಿದರು. ಆದರೂ ಧರ್ಮ ಮತ್ತು ಪ್ರಭುತ್ವದ ಸಂಬಂಧದ ಚರ್ಚೆ ಬಂದಾಗಲೆಲ್ಲ ಅಮೆರಿಕದ ಇತಿಹಾಸಕಾರರು ಅವರನ್ನು ನೆನೆಯುತ್ತಾರೆ.

ಬ್ಯಾಪ್ಟಿಸ್ಟರ ನಿಲುವು ಏನೆಂಬುದನ್ನು ಮೊದಲು ತಿಳಿಯಬೇಕು. ನಂಬಿಕೆ ತಂದೆಯಿಂದ ಮಗನಿಗೆ ಬರುವ ಆಸ್ತಿಯಲ್ಲ. ಬುದ್ಧಿ ಬಲಿತ ವ್ಯಕ್ತಿ ತಾನಾಗಿ ಒಪ್ಪಿದ ಮೇಲೆಯೇ ನೀರಿನಲ್ಲಿ ಮುಳುಗಿ ದೀಕ್ಷೆ ಪಡೆಯಬೇಕು ಎಂದು ಅವರು ನಂಬುತ್ತಾರೆ. ಎಳೆಗೂಸಿಗೇ ಬಲವಂತ ಸಲ್ಲದೆಂದ ಮೇಲೆ, ಪ್ರಜೆಯ ಮೇಲೆ ಸರ್ಕಾರದ ಬಲವಂತ ಸಲ್ಲುವುದೆಂತು? ಲೀಲಂಡರ ವಿಚಾರವೆಲ್ಲ ಈ ಒಂದು ಬೇರಿನಿಂದ ಚಿಗುರಿದ್ದು. 1774ರಲ್ಲಿ ಅವರು ತಮ್ಮ ಇಚ್ಛೆಯಿಂದಲೇ ಎರಡನೆಯ ಸಲ ದೀಕ್ಷೆ ಪಡೆದರು.

1776ರಲ್ಲಿ ಮದುವೆಯಾದ ಲೀಲಂಡ್, ಪತ್ನಿ ಸ್ಯಾಲಿಯೊಡನೆ ವರ್ಜೀನಿಯಕ್ಕೆ ತೆರಳಿದರು. ಅಲ್ಲಿ ಆಂಗ್ಲಿಕನ್ ಚರ್ಚೇ ರಾಜಮಾನ್ಯ ಚರ್ಚು. ಕೆಲವೇ ವರ್ಷಗಳ ಹಿಂದೆ ಅನುಮತಿಯಿಲ್ಲದೆ ಉಪದೇಶ ಮಾಡಿದರೆಂದು ಹಲವು ಬ್ಯಾಪ್ಟಿಸ್ಟ್ ಬೋಧಕರನ್ನು ಸೆರೆಮನೆಗೆ ತಳ್ಳಲಾಗಿತ್ತು. 1786ರಲ್ಲಿ, ಥಾಮಸ್ ಜೆಫರ್ಸನ್ ಬರೆದು ಜೇಮ್ಸ್ ಮ್ಯಾಡಿಸನ್ ಮುನ್ನಡೆಸಿದ ಧಾರ್ಮಿಕ ಸ್ವಾತಂತ್ರ್ಯದ ಶಾಸನ ವರ್ಜೀನಿಯದಲ್ಲಿ ಅಂಗೀಕಾರವಾಯಿತು. ಆದರೆ ಮರುವರ್ಷ ಸಿದ್ಧವಾದ ರಾಷ್ಟ್ರದ ಸಂವಿಧಾನದಲ್ಲಿ ಅಂಥ ಭರವಸೆ ಇರಲಿಲ್ಲ. ಲೀಲಂಡರ ಆಕ್ಷೇಪಗಳ ಪಟ್ಟಿಯೊಂದು 1788ರಲ್ಲಿ ಮ್ಯಾಡಿಸನ್‌ರಿಗೆ ತಲುಪಿತು. ಇಬ್ಬರೂ ಒಂದು ಓಕ್ ಮರದಡಿ ಕುಳಿತು ಮಾತನಾಡಿ ಒಪ್ಪಂದಕ್ಕೆ ಬಂದರೆಂಬುದು ಜನಜನಿತ ಕಥೆ. ಆ ಭೇಟಿಗೆ ಗಟ್ಟಿ ದಾಖಲೆ ಇಲ್ಲ. ಸಂವಿಧಾನದ ಮೊದಲ ತಿದ್ದುಪಡಿಯನ್ನು ಸಂಸತ್ತಿನಲ್ಲಿ ಮಂಡಿಸಿದವರು ಮ್ಯಾಡಿಸನ್ನರೇ. 1791ರಲ್ಲಿ ಅದು ಜಾರಿಗೆ ಬಂತು.

ಅದೇ ವರ್ಷ ಲೀಲಂಡ್ ವರ್ಜೀನಿಯ ಬಿಟ್ಟರು. ಬಿಡುವ ಮುನ್ನ, ಗುಲಾಮಗಿರಿ ಮನುಷ್ಯನ ಸಹಜ ಹಕ್ಕಿನ ಅಪಹರಣವೆಂಬ ನಿರ್ಣಯವನ್ನು ಅಲ್ಲಿನ ಬ್ಯಾಪ್ಟಿಸ್ಟರ ಮುಂದಿಟ್ಟಿದ್ದರು. ಮುಪ್ಪಿನಲ್ಲಿ ಈ ವಿಷಯದಲ್ಲಿ ಅವರ ದನಿ ಮೊದಲಿನಷ್ಟು ಗಟ್ಟಿಯಾಗಿ ಉಳಿಯಲಿಲ್ಲವೆಂಬುದನ್ನೂ ಹೇಳಲೇಬೇಕು.

ಮುಂದೆ ಅವರು ಮ್ಯಾಸಚೂಸೆಟ್ಸ್‌ನ ಬೆಟ್ಟಸೀಮೆಯ ಚೆಷೈರ್ ಎಂಬ ಊರಿನಲ್ಲಿ ನೆಲೆಸಿದರು. ಹೊಲವೂ ಇತ್ತು, ಉಪದೇಶದ ಸುತ್ತಾಟವೂ ಇತ್ತು. ಆದರೆ ಮೊದಲ ತಿದ್ದುಪಡಿ ಕೇಂದ್ರ ಸರ್ಕಾರವನ್ನಷ್ಟೇ ಕಟ್ಟಿಹಾಕಿತ್ತು, ರಾಜ್ಯಗಳನ್ನಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಪಾದ್ರಿಗಳ ಸಂಬಳಕ್ಕೆಂದು ಜನರಿಂದ ತೆರಿಗೆ ಎತ್ತುತ್ತಿದ್ದರು. ಬೇರೆ ಪಂಥದವರಿಗೆ ರಿಯಾಯಿತಿ ಉಂಟು; ಆದರೆ ಅದಕ್ಕೆ ಪ್ರಮಾಣಪತ್ರ ತರಬೇಕು. ನೆರೆಯ ಕನೆಕ್ಟಿಕಟ್‌ನಲ್ಲೂ ಇದೇ ಕ್ರಮ. ಲೀಲಂಡ್ ಈ ಪ್ರಮಾಣಪತ್ರವನ್ನೇ ವಿರೋಧಿಸಿದರು. ಅನುಮತಿ ಬೇಡಿದರೆ, ನಿರಾಕರಿಸುವ ಅಧಿಕಾರವೂ ಸರ್ಕಾರಕ್ಕಿದೆಯೆಂದು ಒಪ್ಪಿಕೊಂಡಂತೆ ಎಂಬುದು ಅವರ ವಾದದ ತಿರುಳು. ಒಬ್ಬನೇ ದೇವರೆನ್ನಲಿ, ಇಪ್ಪತ್ತು ದೇವರೆನ್ನಲಿ, ದೇವರೇ ಇಲ್ಲವೆನ್ನಲಿ, ಸರ್ಕಾರದ ರಕ್ಷಣೆ ಎಲ್ಲರಿಗೂ ಸಮನಾಗಿರಬೇಕು ಎಂದರು.

1801ರಲ್ಲಿ ಜೆಫರ್ಸನ್ ಅಧ್ಯಕ್ಷರಾದಾಗ ಚೆಷೈರಿನ ರೈತರಿಗೆ ಹಬ್ಬ. ನಾಸ್ತಿಕನೆಂದು ಪ್ರತಿಪಕ್ಷದ ಪಾದ್ರಿಗಳು ಜರೆಯುತ್ತಿದ್ದ ಜೆಫರ್ಸನ್‌ರಿಗೆ ಕಾಣಿಕೆ ಕಳಿಸಲು ಊರು ನಿರ್ಧರಿಸಿತು. ಮನೆಮನೆಯ ಹಾಲಿನ ಗರಣೆ ಕೂಡಿಸಿ, ಸೇಬಿನ ರಸ ಹಿಂಡುವ ದೊಡ್ಡ ಯಂತ್ರದಲ್ಲಿ ಒತ್ತಿ, 1,235 ಪೌಂಡಿನ, ಅಂದರೆ ಸುಮಾರು 560 ಕಿಲೋ ತೂಕದ ಚೀಸ್ ಗಾಲಿಯೊಂದನ್ನು ತಯಾರಿಸಿದರು. ಎದುರು ಪಕ್ಷದವರ ಹಸುವಿನ ಹಾಲು ಒಂದು ತೊಟ್ಟೂ ಸೇರಿಲ್ಲವೆಂದು ಊರವರ ತಮಾಷೆ. ಗುಲಾಮರ ಬೆವರೂ ಸೇರಿಲ್ಲವೆಂಬುದು ಮಾತ್ರ ತಮಾಷೆಯಲ್ಲ. ಜೆಫರ್ಸನ್ ಸ್ವತಃ ಗುಲಾಮರ ಒಡೆಯರಾಗಿದ್ದರು.

ಲೀಲಂಡರೇ ಅದನ್ನು ವಾಷಿಂಗ್ಟನ್‌ಗೆ ಒಯ್ದು 1802ರ ಜನವರಿ 1ರಂದು ಒಪ್ಪಿಸಿದರು. ಉಡುಗೊರೆಗಳನ್ನು ಪುಕ್ಕಟೆ ಪಡೆಯದ ಜೆಫರ್ಸನ್ 200 ಡಾಲರ್ ಕೊಟ್ಟರು. ಅದೇ ದಿನ ಅವರು ಕನೆಕ್ಟಿಕಟ್‌ನ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೆ ಬರೆದ ಉತ್ತರದಲ್ಲಿಯೇ ಚರ್ಚಿಗೂ ಪ್ರಭುತ್ವಕ್ಕೂ ನಡುವೆ ಗೋಡೆ ಇರಬೇಕೆಂಬ ಪ್ರಸಿದ್ಧ ಮಾತು ಬಂದದ್ದು.

ಚೀಸ್ ಮುಗಿದರೂ ತೆರಿಗೆ ಮುಗಿಯಲಿಲ್ಲ. 1811ರಲ್ಲಿ ಲೀಲಂಡ್ ರಾಜ್ಯದ ಶಾಸನಸಭೆಗೆ ಆಯ್ಕೆಯಾಗಿ ಅಲ್ಲೂ ಇದೇ ವಾದ ಹೂಡಿದರು. ಭಾನುವಾರ ಅಂಚೆ ನಿಲ್ಲಿಸಿ ದೇವರ ದಿನವನ್ನು ಕಾನೂನಿನಿಂದ ಕಾಪಾಡಿರೆಂದು ಪಾದ್ರಿಗಳು ಕೇಳಿದಾಗ, ಈ ಪಾದ್ರಿ ಬೇಡವೆಂದರು. ಸರ್ಕಾರ ಒಂದು ದಿನವನ್ನು ಪವಿತ್ರವೆಂದು ಸಾರಬಲ್ಲದಾದರೆ, ನಾಳೆ ಒಂದು ಮತವನ್ನೂ ಸಾರಬಲ್ಲದು.

ಮ್ಯಾಸಚೂಸೆಟ್ಸ್ ತನ್ನ ಚರ್ಚು ತೆರಿಗೆಯನ್ನು ಕೈಬಿಟ್ಟದ್ದು 1833ರಲ್ಲಿ. ರಾಜ್ಯಗಳ ಪೈಕಿ ಅದೇ ಕೊನೆಯದು. ಲೀಲಂಡರಿಗೆ ಆಗ 79 ವರ್ಷ. ಮ್ಯಾಡಿಸನ್ ಬರೆದದ್ದು ದೇಶದ ಕಾನೂನಾಗಿ, ಅದು ತಮ್ಮ ಹೊಲದ ಬೇಲಿಯವರೆಗೆ ಬರಲು ಮತ್ತೆ 42 ವರ್ಷ ಹಿಡಿದಿತ್ತು. ದೀರ್ಘಾಯುಷ್ಯ ಅವರಿಗೆ ಕೊಟ್ಟ ದೊಡ್ಡ ವರವೆಂದರೆ ಆ ದಿನವನ್ನು ಕಣ್ಣಾರೆ ಕಂಡದ್ದು.

ಕೊನೆಯ ದಿನಗಳವರೆಗೂ ಉಪದೇಶ ಮಾಡುತ್ತಲೇ ಇದ್ದು, 1841ರ ಜನವರಿ 14ರಂದು ತೀರಿಕೊಂಡರು. ಚೆಷೈರಿನಲ್ಲಿ ಇಂದು ಚೀಸ್ ಒತ್ತಿದ ಯಂತ್ರದ ಕಾಂಕ್ರೀಟ್ ಮಾದರಿಯೊಂದು ಸ್ಮಾರಕವಾಗಿ ನಿಂತಿದೆ. ನೋಡುವವರಿಗೆ ನಗು ಬರಬಹುದು. ಆದರೆ ಅದು ಒಂದು ಊರಿನ ರೈತರು, ನಮ್ಮ ದೇವರಿಗೆ ನಿಮ್ಮ ಬೊಕ್ಕಸದಿಂದ ಏನೂ ಬೇಡ ಎಂದು ಅಧಿಕಾರಕ್ಕೆ ಹೇಳಿ, ತಾವೇ ಕೈಯೆತ್ತಿ ಕೊಟ್ಟದ್ದರ ಗುರುತು.