ಕಾವಲು ಖರಾಬಲ್ಲ

(ಮಠದ ತಿಂಗಳ ಶರಣ ಸಂಗಮದಲ್ಲಿ ಆಡಿದ ಮಾತುಗಳ ಬರಹರೂಪ)



ಮೂವತ್ತು ವರ್ಷ ಸರ್ಕಾರಿ ಇಂಜಿನಿಯರಾಗಿ ರಸ್ತೆ, ಕೆರೆ ಏರಿಗಳ ಅಂದಾಜುಪಟ್ಟಿ ಬರೆದವನು ನಾನು. ನಮ್ಮ ಕಡತಗಳಲ್ಲಿ ಅಮೃತಮಹಲ್ ಕಾವಲೆಂದರೆ ಖರಾಬು. ಮರವಿಲ್ಲ, ಬೆಳೆಯಿಲ್ಲ, ಅಂದಮೇಲೆ ಕಟ್ಟಡಕ್ಕೋ ನೀಲಗಿರಿ ನೆಡಲಿಕ್ಕೋ ಆದ ಜಾಗ. ನಾನೂ ಹಾಗೇ ಬರೆದೆ. ಅದು ತಪ್ಪೆಂದು ಒಪ್ಪಿಕೊಂಡೇ ಮಾತು ಶುರುಮಾಡುತ್ತೇನೆ.

ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳಿಗೆ ಬಿಟ್ಟ ಹುಲ್ಲುಗಾವಲುಗಳಿವು. ಅಮೃತಮಹಲ್ ಎಂಬ ಹೆಸರು ಟಿಪ್ಪುವಿನ ಕಾಲದ್ದು. ಆ ತಳಿಯ ದನ ನಮ್ಮ ಅಜ್ಜಂಪುರದ ಕೇಂದ್ರದಲ್ಲಿ ಇವತ್ತಿಗೂ ಇದೆ. ನಾಲ್ಕು ಲಕ್ಷ ಎಕರೆಗೂ ಮಿಕ್ಕಿದ್ದ ಕಾವಲುಗಳಲ್ಲಿ ಉಳಿದದ್ದು ಮಾತ್ರ ಅಲ್ಪ. ಇಂಥ ಬಯಲನ್ನೇ ನಂಬಿದ ಜೀವಿಗಳು ಕೃಷ್ಣಮೃಗ, ತೋಳ, ಎರ್ಲಡ್ಡು ಹಕ್ಕಿ. ಎರ್ಲಡ್ಡು ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಅಭಯಾರಣ್ಯವೇನೋ ಆಯಿತು, ಆದರೆ ಬಯಲನ್ನು ನೀಲಗಿರಿ ನುಂಗಿತ್ತು. ಹಕ್ಕಿ ಅಲ್ಲಿಂದ ಕಾಣೆಯಾಯಿತು. ಈಗ ಇಡೀ ದೇಶದ ಕಾಡುಬಯಲಲ್ಲಿ 200ಕ್ಕೂ ಕಡಿಮೆ ಇವೆ.

ನಮ್ಮ ಕಡೂರಿನ ಬಾಸೂರು ಕಾವಲು ಉಳಿದುಕೊಂಡಿತು. ಸುಮಾರು 1,800 ಎಕರೆಯನ್ನು 2011ರಲ್ಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ಆದರೆ ಮೃಗಕ್ಕೆ ಸರ್ವೆ ಕಲ್ಲು ಗೊತ್ತಿಲ್ಲವಲ್ಲ! ರಾಗಿ ಹಸಿರಾದರೆ ಹೊಲಕ್ಕೆ ಬರುತ್ತದೆ. ಕಾವಲಿನ ಅಂಚಿನಲ್ಲಿ ಹೊಲವಿರುವ ನನ್ನ ತಮ್ಮ ಒಂದು ದಿನ ಅಂದ: "ಅಣ್ಣ, ನೀನು ಪಿಂಚಣಿ ತಗೊಂಡು ಜಿಂಕೆ ಚೆಂದ ಅಂತೀಯ. ಚಳೀಲಿ ಬೆಳಗಿನ ಜಾವ ಎದ್ದು ಹೊಲ ಕಾಯೋನು ನಾನು." ನನಗೆ ಉತ್ತರ ಹೊಳೆಯಲಿಲ್ಲ.

ವೇದಿಕೆಯ ಮೇಲೆ ದಯೆಯ ಮಾತಾಡುವುದು ಸುಲಭ. ಅದರ ಖರ್ಚನ್ನೆಲ್ಲ ಎರಡೆಕರೆಯ ಕಾಯಕಜೀವಿ ಒಬ್ಬನೇ ಹೊತ್ತರೆ ಅದು ದಾಸೋಹವಲ್ಲ, ದಂಡ.

ಮೀಸಲು ಅಂದರೆ ಒಕ್ಕಲೆಬ್ಬಿಸುತ್ತಾರೆ ಎಂಬ ಭಯ ತರೀಕೆರೆ ಕಡೆಯವರಿಗೆ ಸಹಜ. ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳವರನ್ನು ಎಂ.ಸಿ. ಹಳ್ಳಿಗೆ ತಂದದ್ದನ್ನು ನೀವು ಕಂಡಿದ್ದೀರಿ. ಬಾಸೂರಿನದು ಬೇರೆ. ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯ ಪ್ರಕಾರ ಸಂರಕ್ಷಣಾ ಮೀಸಲನ್ನು ಸ್ಥಳೀಯರೊಡನೆ ಸಮಾಲೋಚಿಸಿಯೇ ಘೋಷಿಸಬೇಕು. ಅದರ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ ಇರಲೇಬೇಕು. ಆ ಕುರ್ಚಿಯಲ್ಲಿ ಕೂತವರು ರೈತರ ಪರವಾಗಿ ಬಾಯಿ ಬಿಡಬೇಕು.

ಬೆಳೆಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರವೂ ಉಂಟು. ಅರ್ಜಿ, ಪಹಣಿ, ಫೋಟೋ ಹಿಡಿದು ಓಡಾಡಲು ರೈತನಿಗೆ ಪುರುಸೊತ್ತಿಲ್ಲ. ನಮ್ಮಂಥ ನಿವೃತ್ತರಿಗಿದೆ. ಪೂಜ್ಯರು ಅಪ್ಪಣೆ ಕೊಟ್ಟರೆ ತಿಂಗಳಿಗೆ ಎರಡು ದಿನ ಮಠದ ಪಡಸಾಲೆಯಲ್ಲಿ ಕೂತು ಅರ್ಜಿ ಬರೆದುಕೊಡುತ್ತೇನೆ. ಜೊತೆಗೆ ಇನ್ನಿಬ್ಬರು ಬೇಕು. ಮೊದಲ ಅರ್ಜಿ ನನ್ನ ತಮ್ಮನದು.