ರಿಯೂನಿಯನ್ ದ್ವೀಪ: ಮನೆಮಾತು ಮತ್ತು ಶಾಲೆಯ ಭಾಷೆ

(ಗಡಿನಾಡಿನ ಕನ್ನಡ ಮಾಧ್ಯಮ ಶಿಕ್ಷಕರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಮಕ್ಕಳು ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಂಡು ಶಾಲೆಗೆ ತರುವ ಎರೆಮಣ್ಣಿಗೆ ಕಡಲಾಚೆಯ ಒಂದು ನೆಂಟಸ್ತಿಕೆ ಇದೆ. ಆ ಮಣ್ಣು ದಖ್ಖನ್ನಿನ ಕರಿಕಲ್ಲು ಸವೆದು ಆದದ್ದು. ಆ ಕಲ್ಲಾದರೋ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಒಡಲಿಂದ ಉಕ್ಕಿ ಹರಿದ ಲಾವಾರಸ ಆರಿ ಗಟ್ಟಿಯಾದದ್ದು. ಅಂದು ಆ ರಸವನ್ನು ಉಕ್ಕಿಸಿದ ಬಿಸಿತಾಣ ಇನ್ನೂ ತಣಿದಿಲ್ಲವೆಂಬುದು ಭೂವಿಜ್ಞಾನಿಗಳಲ್ಲಿ ಹೆಚ್ಚಿನವರ ಅಭಿಪ್ರಾಯ. ಭಾರತವನ್ನು ಹೊತ್ತ ಭೂಫಲಕ ಉತ್ತರಕ್ಕೆ ಸರಿಯಿತು. ಬಿಸಿತಾಣ ದಕ್ಷಿಣದಲ್ಲೇ ಉಳಿಯಿತು. ಇಂದು ಅದರ ಮೇಲಿರುವುದು ಹಿಂದೂ ಮಹಾಸಾಗರದಲ್ಲಿ, ಮಡಗಾಸ್ಕರಿನ ಪೂರ್ವಕ್ಕೆ, ಮಾರಿಷಸ್ಸಿನ ನೆರೆಯಲ್ಲಿರುವ ರಿಯೂನಿಯನ್ ದ್ವೀಪ.

ಈ ದ್ವೀಪದ ವಿಸ್ತೀರ್ಣ ಸುಮಾರು 2,500 ಚದರ ಕಿಲೋಮೀಟರ್. ಸಮಾಜವಿಜ್ಞಾನದ ತರಗತಿಗೆ ಜ್ವಾಲಾಮುಖಿಯ ಪಾಠವಾಗಿ ಇದು ಸೊಗಸಾಗಿ ಒದಗುತ್ತದೆ. ಭಾಷಾ ಶಿಕ್ಷಕರಿಗೆ ಇದು ಕಲಿಸುವ ಪಾಠ ಇನ್ನೂ ಹತ್ತಿರದ್ದು. ಆದುದರಿಂದ ಇಂದು ದ್ವೀಪವನ್ನು ಒಬ್ಬ ಪ್ರವಾಸಿಯ ಹೆಜ್ಜೆಯಲ್ಲಿ ಸುತ್ತಿ, ಕೊನೆಗೆ ಅಲ್ಲಿನ ಶಾಲೆಯ ಬಾಗಿಲಿಗೆ ಬರುವುದು ಉದ್ದೇಶ.

ವಿಮಾನದಿಂದಿಳಿದ ಪ್ರವಾಸಿಗೆ ತಾನು ಆಫ್ರಿಕಾದ ಸಮೀಪ ಇದ್ದೇನೆಂಬುದು ಕೂಡಲೇ ಅರಿವಾಗುವುದಿಲ್ಲ. ಫಲಕಗಳೆಲ್ಲ ಫ್ರೆಂಚಿನಲ್ಲಿ, ನಾಣ್ಯ ಯೂರೋ, ಅಂಗಡಿಯಲ್ಲಿ ಉದ್ದನೆಯ ಫ್ರೆಂಚ್ ಬ್ರೆಡ್ಡು. 1946ರಿಂದ ಈ ದ್ವೀಪ ಫ್ರಾನ್ಸಿನ ಒಂದು ಜಿಲ್ಲೆಯೇ ಆಗಿದೆ. ಆದರೆ ರಾಜಧಾನಿ ಸೇಂಟ್ ಡೆನಿಸ್ ದಾಟಿ ಒಳನಾಡಿಗೆ ಹೊರಟರೆ ನೆಲದ ನಿಜರೂಪ ತೆರೆದುಕೊಳ್ಳುತ್ತದೆ. ನಡುವೆ ಪಿತೋಂ ದೆ ನೇಜ್ ಎಂಬ ತಣಿದ ಜ್ವಾಲಾಮುಖಿ ಸುಮಾರು 3,070 ಮೀಟರ್ ಎತ್ತರಕ್ಕೆ ನಿಂತಿದೆ. ಅದರ ಸುತ್ತ ಸಿಲಾವೋಸ್, ಸಲಾಜಿ, ಮಫಾತ್ ಎಂಬ ಮೂರು ಬಾಣಲೆಯಾಕಾರದ ಆಳವಾದ ಕಣಿವೆಗಳಿವೆ. ಮಫಾತಿಗೆ ಇಂದಿಗೂ ಮೋಟಾರು ರಸ್ತೆಯಿಲ್ಲ; ಕಾಲ್ನಡಿಗೆಯಲ್ಲಿ ಇಳಿಯಬೇಕು, ಇಲ್ಲವೇ ಹೆಲಿಕಾಪ್ಟರ್ ಹತ್ತಬೇಕು. ತೋಟಗಳ ದಾಸ್ಯದಿಂದ ತಪ್ಪಿಸಿಕೊಂಡು ಬಂದವರು ಒಂದು ಕಾಲದಲ್ಲಿ ಅಡಗಿ ಬದುಕಿದ್ದು ಇಂಥ ಕಣಿವೆಗಳಲ್ಲಿಯೇ. ಮಫಾತ್ ಎಂಬುದು ಅಂಥ ಒಬ್ಬ ಮಡಗಾಸ್ಕರಿಗನ ಹೆಸರು.

ಆಗ್ನೇಯಕ್ಕೆ ಸರಿದರೆ ಪಿತೋಂ ದೆ ಲಾ ಫೂರ್ನೇಜ್ ಸಿಗುತ್ತದೆ. ಸುಮಾರು 2,630 ಮೀಟರ್ ಎತ್ತರದ ಇದು ಲೋಕದ ಅತ್ಯಂತ ಚುರುಕಾದ ಜ್ವಾಲಾಮುಖಿಗಳಲ್ಲಿ ಒಂದು. ಸಾಮಾನ್ಯವಾಗಿ ಇದರ ಲಾವಾ ಜನವಸತಿಯಿಲ್ಲದ ದೊಡ್ಡ ತಗ್ಗಿನೊಳಗೇ ಹರಿದು ಕಡಲು ಸೇರುತ್ತದೆ. 1977ರ ಏಪ್ರಿಲಿನಲ್ಲಿ ಮಾತ್ರ ಅದು ಆ ಎಲ್ಲೆ ಮೀರಿ ಪಿತೋಂ ಸೇಂಟ್ ರೋಸ್ ಎಂಬ ಊರಿನೊಳಕ್ಕೆ ನುಗ್ಗಿತು. ಜನರನ್ನು ಮೊದಲೇ ತೆರವುಗೊಳಿಸಿದ್ದರಿಂದ ಜೀವಗಳು ಉಳಿದವು. ಹಲವು ಮನೆಗಳು ಹೋದವು. ಊರಿನ ಚರ್ಚಿನ ಬಾಗಿಲವರೆಗೆ ಬಂದ ಲಾವಾ ಅಲ್ಲಿಂದ ಎರಡು ಕವಲಾಗಿ ಗೋಡೆಗಳನ್ನು ಬಳಸಿ ಸಾಗಿತು. ಅದನ್ನೀಗ ಲಾವಾ ಮಾತೆಯ ಚರ್ಚು ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಈ ಅನಾಹುತದ ತರುವಾಯವೇ, 1979ರಲ್ಲಿ, ಜ್ವಾಲಾಮುಖಿಯನ್ನು ಹಗಲಿರುಳು ಗಮನಿಸುವ ವೀಕ್ಷಣಾಲಯ ಸ್ಥಾಪನೆಯಾಯಿತು.

ಇಂಥ ನೆಲದ ಮೇಲೆ ಮೊದಲು ಯಾವ ಮನುಷ್ಯರೂ ನೆಲೆಸಿರಲಿಲ್ಲ. ಇದು ಅಲ್ಲಿನ ಭಾಷೆಯ ಕಥೆಗೆ ಮುಖ್ಯವಾದ ಸಂಗತಿ. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರೆಂಚರು ಬಂದರು. ಮೊದಲು ಕಾಫಿ, ಆಮೇಲೆ ಕಬ್ಬು ಬೆಳೆಯುವುದಕ್ಕೆ ಮಡಗಾಸ್ಕರ್ ಮತ್ತು ಪೂರ್ವ ಆಫ್ರಿಕಾದಿಂದ ಜನರನ್ನು ಗುಲಾಮರನ್ನಾಗಿ ತಂದರು. ಬೇರೆ ಬೇರೆ ಮಾತಿನ ಜನ ಒಂದೇ ತೋಟದಲ್ಲಿ ದುಡಿಯಬೇಕಾಗಿ ಬಂದಾಗ ಫ್ರೆಂಚಿನ ಶಬ್ದಗಳನ್ನು ಎತ್ತಿಕೊಂಡು, ತಮ್ಮದೇ ಕಟ್ಟಿನಲ್ಲಿ ಜೋಡಿಸಿ ಒಂದು ಹೊಸ ಭಾಷೆಯನ್ನು ಕಟ್ಟಿಕೊಂಡರು. ಅದೇ ಕ್ರಿಯೋಲ್. 1848ರ ಡಿಸೆಂಬರ್ 20ರಂದು ದ್ವೀಪದಲ್ಲಿ ದಾಸ್ಯ ಕೊನೆಗೊಂಡಿತು. ತೋಟದ ಒಡೆಯರು ಕೂಲಿಗಾಗಿ ಭಾರತದತ್ತ ತಿರುಗಿದರು. 1882ರವರೆಗೂ ಕರಾರಿಗೆ ಹೆಬ್ಬೆಟ್ಟೊತ್ತಿದ ಜನ, ಬಹುಪಾಲು ತಮಿಳುನಾಡಿನವರು, ಹಡಗು ಹತ್ತಿದರು. ಅವರ ಸಂತತಿಯನ್ನು ಇಂದಿಗೂ ಮಲ್ಬಾರ್ ಎನ್ನುತ್ತಾರೆ. ದಕ್ಷಿಣ ಭಾರತದಿಂದ ಬಂದವರನ್ನೆಲ್ಲ ಯುರೋಪಿಯನ್ನರು ಮಲಬಾರಿನವರೆಂದು ಕರೆದದ್ದರ ಉಳಿಕೆ ಅದು.

ಸೇಂಟ್ ಆಂದ್ರೆಯ ಸಂತೆಗೆ ಹೋದ ದಕ್ಷಿಣ ಭಾರತೀಯ ಪ್ರವಾಸಿಗೆ ಬೆರಗು ಕಾದಿರುತ್ತದೆ. ಅಲ್ಲಿ ಕರಿಬೇವು 'ಕಲುಪಿಲೆ', ಕೊತ್ತಂಬರಿಸೊಪ್ಪು 'ಕೊತೊಮಿಲಿ', ನುಗ್ಗೆ 'ಮುರುಂಗ್'. ಟೊಮೆಟೊ, ಹಸಿಮೆಣಸು ಸೇರಿಸಿ ಮಾಡುವ ವ್ಯಂಜನದ ಹೆಸರು 'ರುಗಾಯ್'. ತಮಿಳಿನ ಊರುಗಾಯ್ ಎಂಬ ಪದವೇ ಹಾಗಾಗಿದೆ ಎನ್ನುತ್ತಾರೆ. ಊರಲ್ಲಿ ಗೋಪುರವಿರುವ ದೇವಾಲಯಗಳಿವೆ, ಕೆಂಡ ಹಾಯುವ ಸೇವೆಯಿದೆ, ದೀಪಾವಳಿಯ ಮೆರವಣಿಗೆಯಿದೆ. ಆದರೆ ಕಲುಪಿಲೆ ಮಾರುವ ಅಜ್ಜಿಯನ್ನು ತಮಿಳಿನಲ್ಲಿ ಮಾತನಾಡಿಸಿದರೆ ಉತ್ತರ ಬರುವುದು ಕ್ರಿಯೋಲಿನಲ್ಲಿ. ಕೆಲವೇ ತಲೆಮಾರುಗಳಲ್ಲಿ ತಮಿಳು ಮನೆಮಾತಾಗಿ ಉಳಿಯಲಿಲ್ಲ. ಮಗುವಿಗೆ ಬೀದಿಯಲ್ಲಿ ಕ್ರಿಯೋಲ್ ಸಿಕ್ಕಿತು, ಶಾಲೆಯಲ್ಲಿ ಫ್ರೆಂಚ್ ಸಿಕ್ಕಿತು. ತಮಿಳಿಗೆ ಒಗ್ಗರಣೆಯ ಬಾಣಲೆ ಮತ್ತು ದೇವರ ಮುಂದಿನ ಮಂತ್ರ ಉಳಿದವು.

ಗಡಿನಾಡಿನ ಕನ್ನಡ ಶಿಕ್ಷಕರಿಗೆ ದ್ವೀಪ ಹೇಳುವ ಮೊದಲ ಮಾತು ಇದು. ಓದು ಬರಹದ ಆಸರೆ ತಪ್ಪಿದ ಭಾಷೆ ಅಡುಗೆಮನೆಯ ಹತ್ತಾರು ಹೆಸರುಗಳಿಗೆ ಕುಗ್ಗಿಬಿಡಬಹುದು. ಮಡಕಶಿರದಲ್ಲಿಯೋ ತಾಳವಾಡಿಯಲ್ಲಿಯೋ ಒಂದು ಕನ್ನಡ ತರಗತಿ ತೆರೆದಿರುವುದರ ಬೆಲೆ ಇಲ್ಲಿಂದ ತಿಳಿಯುತ್ತದೆ.

ಎರಡನೆಯ ಮಾತು ಇನ್ನೂ ಸೂಕ್ಷ್ಮವಾದದ್ದು. ಅದು ಕ್ರಿಯೋಲಿಗೆ ಸಂಬಂಧಿಸಿದ್ದು. ಕ್ರಿಯೋಲ್ ಸಾಯಲಿಲ್ಲ. ದ್ವೀಪದ ಬಹುಪಾಲು ಮಕ್ಕಳು ಮನೆಯಲ್ಲಿ ಕೇಳಿ ಬೆಳೆಯುವುದು ಅದನ್ನೇ. ಅದಕ್ಕೆ ಬಂದ ಕಷ್ಟ ಅವಮಾನದ್ದು. ಅದರ ಶಬ್ದಗಳು ಬಹುಮಟ್ಟಿಗೆ ಫ್ರೆಂಚಿನಿಂದ ಬಂದವಾದ್ದರಿಂದ, ಅದು ಸ್ವತಂತ್ರ ಭಾಷೆಯಲ್ಲ, ಕೆಟ್ಟ ಫ್ರೆಂಚ್ ಎಂದು ಬಹುಕಾಲ ಎಣಿಸಲಾಯಿತು. ಶಾಲೆಯಲ್ಲಿ ಅದನ್ನಾಡುವುದು ಅಶಿಸ್ತೆನಿಸಿತು. ದಾಸರ ಹಾಡಾದ ಮಲೋಯಕ್ಕೂ ಇದೇ ಗತಿಯಿತ್ತು. ಬಹುಕಾಲ ಆಳುವವರ ಅವಕೃಪೆಗೆ ಗುರಿಯಾಗಿದ್ದ ಅದನ್ನು 2009ರಲ್ಲಿ ಯುನೆಸ್ಕೊ ಮನುಕುಲದ ಪರಂಪರೆಯೆಂದು ಮನ್ನಿಸಿತು.

ಕೆಟ್ಟ ಫ್ರೆಂಚ್ ಎಂಬ ಮಾತು ಎಷ್ಟು ಸರಿ ಎಂಬುದನ್ನು ಒಂದು ಉದಾಹರಣೆಯಿಂದ ಪರೀಕ್ಷಿಸಬಹುದು. ಫ್ರೆಂಚಿನಲ್ಲಿ 'ಲಾ' ಎಂಬುದು ಸ್ತ್ರೀಲಿಂಗದ ನಾಮಪದದ ಹಿಂದೆ ಬರುವ ಶಬ್ದ. ಕ್ರಿಯೋಲಿನ ಮಗು 'ಮ್ವೆಂ ಲಾ ಮಾಂಝೆ' ಎನ್ನುತ್ತದೆ. 'ನಾನು ಉಂಡಿದ್ದೇನೆ' ಎಂದು ಅರ್ಥ. ಇಲ್ಲಿ 'ಲಾ' ಎಂಬುದು ಕ್ರಿಯೆ ಮುಗಿದುದನ್ನು ಸೂಚಿಸುವ ಗುರುತು. ಹಾಗೆಯೇ 'ಮಾರ್ಮಾಯ್' ಎಂದರೆ ಮಗು. ಅದರ ಹಿಂದೆ 'ಬನ್' ಸೇರಿಸಿದರೆ ಮಕ್ಕಳು. ಕನ್ನಡದಲ್ಲಿ 'ಗಳು' ಪದದ ಕೊನೆಗೆ ಬರುತ್ತದೆ, ಕ್ರಿಯೋಲಿನಲ್ಲಿ 'ಬನ್' ಪದದ ಮೊದಲಿಗೆ ಬರುತ್ತದೆ, ವ್ಯತ್ಯಾಸ ಅಷ್ಟೇ. ಮಗು ಪ್ರತಿಸಲವೂ ಹೀಗೇ ನುಡಿಯುತ್ತದೆ, ಅದರ ತಾಯಿಯೂ ಹೀಗೇ ನುಡಿಯುತ್ತಾಳೆ. ತಪ್ಪು ಆಗೊಮ್ಮೆ ಈಗೊಮ್ಮೆ ಆಗುವಂಥದು. ಊರೆಲ್ಲ ಒಂದೇ ರೀತಿಯಲ್ಲಿ ಪಾಲಿಸುವಂಥದು ನಿಯಮ.

ಫ್ರಾನ್ಸಿನಲ್ಲಿ ಪ್ರಾದೇಶಿಕ ಭಾಷೆಗಳ ಬೋಧನೆಗೆ 1951ರ ಕಾನೂನು ಮೊದಲು ದಾರಿ ಮಾಡಿತು. ಬ್ರೆಟನ್, ಬಾಸ್ಕ್ ಮುಂತಾದವಕ್ಕೆ ಅದರಲ್ಲಿ ಸ್ಥಾನ ದೊರಕಿತು, ಕ್ರಿಯೋಲಿಗೆ ದೊರಕಲಿಲ್ಲ. 2000ದ ಕಾನೂನು ಅದನ್ನೂ ಪ್ರಾದೇಶಿಕ ಭಾಷೆಯೆಂದು ಮನ್ನಿಸಿತು. ಮರುವರ್ಷ ಕ್ರಿಯೋಲ್ ಶಿಕ್ಷಕರ ಅರ್ಹತಾ ಪರೀಕ್ಷೆ ಏರ್ಪಟ್ಟಿತು. ಅಷ್ಟಾದರೂ ವಾದ ಮುಗಿದಿಲ್ಲ. ಬರೆಯುವ ಬಗೆಗಳೇ 1977, 1983, 2001ರಲ್ಲಿ ಒಂದಾದ ಮೇಲೊಂದು ಬಂದವು. ಕ್ರಿಯೋಲ್ ಕಲಿಸಿದರೆ ಮಗುವಿನ ಫ್ರೆಂಚ್ ಹಾಳಾಗಿ ಉದ್ಯೋಗ ತಪ್ಪೀತು ಎಂಬ ಭಯ ತಂದೆತಾಯಿಗಳಲ್ಲಿಯೇ ಇತ್ತು. ಆ ಭಯವನ್ನು ಹಗುರವಾಗಿ ಕಾಣುವಂತಿಲ್ಲ. ಮಗುವಿಗೆ ಫ್ರೆಂಚ್ ಬೇಕು, ಚೆನ್ನಾಗಿಯೇ ಬೇಕು. ಅದಕ್ಕೆ ಮನೆಮಾತು ಮೆಟ್ಟಿಲಾಗುತ್ತದೆಯೇ ಹೊರತು ಅಡ್ಡಗೋಡೆಯಾಗಬೇಕಿಲ್ಲ.

ದ್ವೀಪದ ಒಬ್ಬ ಹುಡುಗನನ್ನು ಇಲ್ಲಿ ನೆನೆಯುವುದು ಉಚಿತ. ಮೆಕ್ಸಿಕೊದ ವೆನಿಲಾ ಬಳ್ಳಿ ದ್ವೀಪಕ್ಕೆ ಬಂದಿತ್ತು, ಹೂವೂ ಬಿಡುತ್ತಿತ್ತು. ತವರಿನ ಜೇನುನೊಣ ಇಲ್ಲದ್ದರಿಂದ ಕಾಯಿ ಕಚ್ಚುತ್ತಿರಲಿಲ್ಲ. 1841ರಲ್ಲಿ ಎದ್ಮೊಂ ಎಂಬ ಹನ್ನೆರಡರ ಗುಲಾಮ ಹುಡುಗ ಸಣ್ಣ ಕಡ್ಡಿ ಮತ್ತು ಹೆಬ್ಬೆರಳಿನಿಂದ ಹೂವಿಗೆ ಪರಾಗ ಮುಟ್ಟಿಸುವ ಸುಲಭ ವಿಧಾನ ಕಂಡುಹಿಡಿದ. ಬಿಡುಗಡೆಯಾದ ಮೇಲೆ ಅವನಿಗೆ ಆಲ್ಬಿಯುಸ್ ಎಂಬ ಮನೆತನದ ಹೆಸರು ಸೇರಿತು. 1880ರಲ್ಲಿ ಬಡತನದಲ್ಲಿಯೇ ಸತ್ತ. ವಯನಾಡಿನ, ಮಲೆನಾಡಿನ ವೆನಿಲಾ ತೋಟಗಳಲ್ಲಿ ಇಂದಿಗೂ ಬೆಳಗಿನ ಹೊತ್ತು ನಡೆಯುವುದು ಅದೇ ಕೈಚಳಕ. ಅಂಥ ಬುದ್ಧಿ ಅರಳಿದ್ದು ಶಾಲೆ ಕಾಣದ, ತೋಟದ ಮಾತಾಡುವ ಒಬ್ಬ ಹುಡುಗನಲ್ಲಿ.

ಈಗ ಗಡಿನಾಡಿನ ತರಗತಿಗೆ ಬರಬಹುದು. ಕನ್ನಡ ಶಿಕ್ಷಕರು ರಾಜ್ಯಭಾಷೆಯ ಎದುರಿನಲ್ಲಿ ತಮ್ಮ ಭಾಷೆಗೆ ಮರ್ಯಾದೆ ಕೇಳುವವರು. ಆದರೆ ಅವರ ತರಗತಿಯಲ್ಲಿಯೇ ತುಳು, ಮಲಯಾಳ, ಬಡಗ, ತೆಲುಗು, ಮರಾಠಿ ಮನೆಮಾತಿನ ಮಕ್ಕಳಿರುತ್ತಾರೆ. ಗ್ರಂಥದ ಕನ್ನಡಕ್ಕಿಂತ ಬೇರೆಯಾದ ಕನ್ನಡ ಆಡುವವರಂತೂ ಎಲ್ಲೆಡೆ ಇದ್ದಾರೆ. ಆ ಮಕ್ಕಳಿಗೆ ಕನ್ನಡ ಶಾಲೆಯೇ ಫ್ರೆಂಚ್ ಶಾಲೆಯಾಗಿಬಿಡುವ ಅಪಾಯವಿದೆ. ಕಾಸರಗೋಡಿನ ಹವ್ಯಕ ಮಗು 'ಆನು', 'ಎನಗೆ' ಎಂದರೆ ಕೆಂಪು ಗೆರೆ ಬೀಳುತ್ತದೆ. ಹಳಗನ್ನಡದ ಪಾಠದಲ್ಲಿ ಅವೇ ರೂಪಗಳು ಬಂದಾಗ ಶಿಕ್ಷಕರು ಭಕ್ತಿಯಿಂದ ವಿವರಿಸುತ್ತಾರೆ. ಜತ್ತದ ಮಗುವಿನ 'ಮಾಡಾಕತ್ತಾನ' ಎಂಬುದು 'ಮಾಡಲಿಕ್ಕೆ ಹತ್ತಿದ್ದಾನೆ' ಎಂಬುದರಿಂದ ಕ್ರಮವಾಗಿಯೇ ಬಂದ ರೂಪ. ಅದನ್ನು ಅಶುದ್ಧವೆಂದು ಗದರಿದಾಗ ಮಗು ತಿದ್ದಿಕೊಳ್ಳುವುದಕ್ಕಿಂತ ಹೆಚ್ಚಾಗಿ ಮೌನವಾಗುತ್ತದೆ. ಮೌನವಾದ ಮಗುವಿಗೆ ಯಾವ ಭಾಷೆಯನ್ನೂ ಕಲಿಸಲಾಗದು.

ಆದುದರಿಂದ ಮೂರು ಕಾರ್ಯಗಳನ್ನು ಸೂಚಿಸಬಹುದು. ಒಂದು, ಮಗುವಿನ ಪ್ರಯೋಗವನ್ನು ತಿದ್ದುವ ಮೊದಲು ಅದು ಮನೆಯ ನಿಯಮವೋ ಕೈತಪ್ಪೋ ಎಂದು ಕೇಳಿ ತಿಳಿಯುವುದು. ಎರಡು, ನಿಯಮವಾಗಿದ್ದರೆ ಕರಿಹಲಗೆಯ ಒಂದು ಬದಿಗೆ ಮನೆಯ ರೂಪವನ್ನೂ ಇನ್ನೊಂದು ಬದಿಗೆ ಪುಸ್ತಕದ ರೂಪವನ್ನೂ ಬರೆದು, ಯಾವುದು ಎಲ್ಲಿಗೆ ತಕ್ಕದ್ದೆಂದು ಮಕ್ಕಳಿಂದಲೇ ಹೇಳಿಸುವುದು. ಪರೀಕ್ಷೆಯಲ್ಲಿ ಪುಸ್ತಕದ ರೂಪವನ್ನೇ ನಿರೀಕ್ಷಿಸುವುದು. ಮೂರು, ಅಡುಗೆಮನೆಯ, ಹೊಲದ, ಮೀನುಪೇಟೆಯ ಹೆಸರುಗಳನ್ನು ಮಕ್ಕಳು ಮನೆಯ ಹಿರಿಯರಿಂದ ಕೇಳಿ ಬರೆದು ತಂದು ಒಂದು ಸಣ್ಣ ಪದಕೋಶ ಮಾಡುವುದು. ಕರಿಬೇವಿಗೆ ಊರಲ್ಲಿ ಎಷ್ಟು ಹೆಸರಿವೆ ಎಂಬಲ್ಲಿಂದಲೇ ಪ್ರಾರಂಭಿಸಬಹುದು.

ರಿಯೂನಿಯನ್ನಿನಲ್ಲಿ 'ಕೊಮಾನ್ ಇ ಲೆ?' ಎಂದು ಕುಶಲ ಕೇಳುತ್ತಾರೆ. ಅದಕ್ಕೆ ಬರುವ ಉತ್ತರ 'ಲೆ ಲಾ'. ಶಬ್ದಶಃ ಹೇಳುವುದಾದರೆ 'ಇದ್ದೇನೆ' ಎಂದು. ತರಗತಿಯಲ್ಲಿ ಹಾಜರಿ ಕೂಗಿದಾಗ ಮಗು ತನ್ನ ಮನೆಯ ಮಾತಿನೊಡನೆ 'ಇದ್ದೇನೆ' ಎನ್ನುವಂತಾಗಲಿ. ಕನ್ನಡವೂ ಆ ಮಗುವಿನ ಬಾಯಲ್ಲಿ ಉಳಿಯುತ್ತದೆ.